ಗೇಟಿಗೆ ಕಟ್ಟಿದ ಕೃತಜ್ಞತೆ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಶಾಲೆಯ ಮಕ್ಕಳೂ ಹಾಗೇ ಹೇಳುತ್ತಾರೆ, ಆದರೆ ಬೆನ್ನ ಹಿಂದೆ. ಗುಂಡ್ಲುಪೇಟೆಯ ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವನು ನಾನು. ಚುನಾವಣೆ ಬಂತೆಂದರೆ ಮೇಷ್ಟ್ರುಗಳಿಗೆ ಏನಾದರೊಂದು ಡ್ಯೂಟಿ ಬೀಳುವುದು ಇದ್ದದ್ದೇ. ಈಚಿನ ವಿಧಾನಸಭೆ ಚುನಾವಣೆಯಲ್ಲಿ ನನ್ನನ್ನು ಚಾಮರಾಜನಗರದ ಕಡೆಗೆ, ಅಭ್ಯರ್ಥಿಗಳ ಖರ್ಚಿನ ಮೇಲೆ ಕಣ್ಣಿಡುವ ತಂಡಕ್ಕೆ ಹಾಕಿದರು. ತಂಡ ಎಂದರೆ ಒಂದು ಬಾಡಿಗೆ ಜೀಪು, ನಾನು, ಒಬ್ಬ ವಿಡಿಯೋದವನು.

ಕೆಲಸ ಸುಲಭ. ಒಬ್ಬ ಅಭ್ಯರ್ಥಿ ಇಂತಿಷ್ಟೇ ಖರ್ಚು ಮಾಡಬೇಕು ಎಂಬ ಮಿತಿ ಇದೆಯಲ್ಲ, ಅದಕ್ಕಾಗಿ ಅವನ ಸಭೆಯ ಶಾಮಿಯಾನ, ಕುರ್ಚಿ, ಊಟದ ಎಲೆ, ಫ್ಲೆಕ್ಸು ಎಲ್ಲವನ್ನೂ ವಿಡಿಯೋ ಮಾಡಬೇಕು. ಅದನ್ನು ಆಫೀಸಿನಲ್ಲಿ ನೋಡಿ, ಬೆಲೆ ಕಟ್ಟಿ, ಅವನ ಲೆಕ್ಕಕ್ಕೆ ಹಾಕುತ್ತಾರೆ. ನಮ್ಮ ವಿಡಿಯೋದವನು ಗುಂಡ್ಲುಪೇಟೆಯ ಕಲ್ಯಾಣ ಮಂಟಪಗಳಲ್ಲಿ ಮದುವೆ ತೆಗೆಯುವವನು. ಪ್ಲಾಸ್ಟಿಕ್ ಕುರ್ಚಿಗಳನ್ನು ಕೂಡ ಮದುಮಗಳ ಸೀರೆಯ ಅಂಚು ತೋರಿಸುವ ಹಾಗೆ ನಿಧಾನವಾಗಿ, ಕೆಳಗಿನಿಂದ ಮೇಲಕ್ಕೆ ತೆಗೆಯುತ್ತಿದ್ದ. ಬೇಗ ಮುಗಿಸಪ್ಪಾ ಎಂದು ಎಷ್ಟು ಬೈದರೂ ಅವನ ಕೈ ಬದಲಾಗಲಿಲ್ಲ.

ನಿಜ ಹೇಳಬೇಕೆಂದರೆ ಆ ಡ್ಯೂಟಿ ನನಗೆ ಇಷ್ಟವಾಗಿತ್ತು. ದುಡ್ಡಿದ್ದವನ ಗಂಟಲೇ ದೊಡ್ಡದಾಗಿ ಕೇಳಿಸುವುದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಒಂದು ಊರಿನಲ್ಲಿ ದೊಡ್ಡ ಪಕ್ಷದವರು ಶಾಮಿಯಾನ ಹಾಕಿ ಊಟ ಹಾಕುತ್ತಿದ್ದರು. ಕೇಳಿದರೆ, ಮಗುವಿಗೆ ಹೆಸರಿಡುವ ಶಾಸ್ತ್ರ ಅಂದರು. ಸರಿ, ಮಗು ಎಲ್ಲಿ ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಪಕ್ಕದ ಬೀದಿಯಿಂದ ಒಂದು ಮಗುವನ್ನು ಎತ್ತಿಕೊಂಡು ಬಂದರು. ಆ ಮಗು ಆಗಲೇ ನಡೆಯುತ್ತಿತ್ತು, ನನ್ನನ್ನು ನೋಡಿ ಟಾಟಾ ಬೇರೆ ಮಾಡಿತು. ಇಂಥ ಜನರಿಗೆ ಮೂಗುದಾರ ಬೇಡವೆ? ಆವತ್ತಿನಿಂದ ಯಾರು ಏನು ನೆಪ ಹೇಳಿದರೂ ನಾನು ನಂಬುತ್ತಿರಲಿಲ್ಲ.

ಅಂಥ ದಿನಗಳಲ್ಲೇ ಒಂದು ಬೆಳಿಗ್ಗೆ ಆಫೀಸಿನಿಂದ ಫೋನು ಬಂತು. ಬದನಗುಪ್ಪೆಯಿಂದ ಒಳಗೆ ಹೋದರೆ ಸಿಗುವ ಒಂದು ಊರಿನಲ್ಲಿ, ಮನೆಯ ಗೇಟಿಗೆ ಯಾರೋ ಅಭ್ಯರ್ಥಿಯ ಫ್ಲೆಕ್ಸು ಕಟ್ಟಿದ್ದಾರೆ, ಪರ್ಮಿಶನ್ ಇಲ್ಲ, ದೂರು ಬಂದಿದೆ, ನೋಡಿ ಎಂದರು. ಹೋದೆವು.

ಸಣ್ಣ ಹೆಂಚಿನ ಮನೆ. ಗೇಟಿಗೆ ನಿಜವಾಗಿಯೂ ಒಂದು ಫ್ಲೆಕ್ಸು ಕಟ್ಟಿತ್ತು. ಮೇಲೆ ಹಣೆಗೆ ವಿಭೂತಿ ಬಳಿದ ವಯಸ್ಸಾದವರ ಫೋಟೋ, ಶಿವೈಕ್ಯರಾದರು ಎಂಬ ಅಕ್ಷರ, ಶಿವಗಣಾರಾಧನೆಗೆ ಬರಬೇಕೆಂಬ ಕೋರಿಕೆ. ನಮ್ಮ ಕಡೆ ಸಾವಿನ ಫ್ಲೆಕ್ಸಿನಲ್ಲಿ ಕೆಳಗೊಂದು ಸಾಲು ಸಣ್ಣ ಫೋಟೋಗಳಿರುತ್ತವೆ. ಮಕ್ಕಳು, ಅಳಿಯಂದಿರು, ಅವರ ಜೊತೆಗೆ ಊರಿನ ಮುಖಂಡರು. ಮುಖಂಡರ ಫೋಟೋ ಬಿಟ್ಟರೆ ಅವರಿಗೆ ಬೇಜಾರು. ಇದರಲ್ಲಿ ಆ ಸಾಲೇ ಇರಲಿಲ್ಲ. ಇದ್ದದ್ದು ಒಂದೇ ಫೋಟೋ, ಕೆಳಗಡೆ, ಸತ್ತವರ ಫೋಟೋದಷ್ಟೇ ದೊಡ್ಡದು. ಆ ಫೋಟೋದವನು ಪಕ್ಷೇತರ ಅಭ್ಯರ್ಥಿ. ಬದನಗುಪ್ಪೆಯ ಫ್ಯಾಕ್ಟರಿಗಳಿಗೆ ಸುತ್ತಲ ಊರಿನ ಹೆಣ್ಣುಮಕ್ಕಳನ್ನು ತನ್ನ ವ್ಯಾನಿನಲ್ಲಿ ಬಿಟ್ಟು ಕರೆತರುವವನು. ಅವರಿಗೆ ಸರಿಯಾಗಿ ಬಸ್ಸಿಲ್ಲ ಎಂಬ ಒಂದೇ ಸಿಟ್ಟಿಗೆ ಚುನಾವಣೆಗೆ ನಿಂತಿದ್ದ.

ಫೋಟೋದ ಪಕ್ಕದಲ್ಲಿ ಹೀಗೆ ಬರೆದಿತ್ತು: ‘ನಮ್ಮ ಯಜಮಾನರನ್ನು ತಮ್ಮ ಗಾಡಿಯಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅವರ ಜೊತೆ ಇನ್ನೂ ನಾಕು ಮಾತು ಆಡುವ ಭಾಗ್ಯ ಕೊಟ್ಟವರು. ಇವರಿಗೆ ಒಳ್ಳೆಯದಾಗಲಿ. ಇವರು ಗೆಲ್ಲಲಿ.’ ಕೆಳಗೆ ಒಬ್ಬ ಹೆಂಗಸಿನ ಹೆಸರು.

ಹೆಸರಿಡುವ ಶಾಸ್ತ್ರ ಆಯಿತು, ಈಗ ಸಾವಿನ ಶಾಸ್ತ್ರವೋ ಎಂದುಕೊಂಡೆ. ನನ್ನ ಮೂಗಿನ ತುದಿ ಬಿಸಿಯಾಯಿತು. ವಿಡಿಯೋದವನಿಗೆ ಶುರು ಮಾಡು ಎಂದು ಹೇಳಿ ಗೇಟು ಬಡಿದೆ. ಬಂದವರು ಅರವತ್ತು ದಾಟಿದ ಹೆಂಗಸು. ಬರಿ ಹಣೆ, ಕೈಯಲ್ಲಿ ಮೊರ.

‘ಇದನ್ನ ಯಾರು ಕಟ್ಟಿಸಿದ್ದು?’ ಎಂದು ಕೇಳಿದೆ.

‘ನಾನೇ ಕಣಪ್ಪ. ಯಾಕ, ಏನಾಯ್ತು?’

‘ಅವರು ದುಡ್ಡು ಕೊಟ್ರಾ?’

‘ಅವ್ನ್ಯಾಕ ಕೊಟ್ಟನು? ಒಂದು ಕುರಿ ಮಾರ್ದಿ, ಮಾಡ್ಸುದಿ. ನನ್ ಗಂಡ, ನನ್ ಗೇಟು, ನನ್ ಕುರಿ.’

ಸುಳ್ಳು ಹೇಳುವವರ ಮುಖವನ್ನು ಇಪ್ಪತ್ತು ವರ್ಷದಿಂದ ಕ್ಲಾಸಿನಲ್ಲಿ ನೋಡುತ್ತಿದ್ದೇನೆ. ಆ ಅಮ್ಮ ಸುಳ್ಳು ಹೇಳುತ್ತಿರಲಿಲ್ಲ. ನನ್ನ ದನಿ ಅಲ್ಲಿಗೆ ಅರ್ಧ ಇಳಿಯಿತು. ಅವರು ಮೊರ ಕೆಳಗಿಟ್ಟು ಜಗಲಿಯ ಮೇಲೆ ಕೂತು ಹೇಳಿದರು. ಯಜಮಾನರಿಗೆ ಹೊಲದಲ್ಲಿ ಎದೆ ಹಿಡಿದುಕೊಂಡಿತ್ತು. ಕಾರಿದ್ದವರ ಮನೆಗೆ ಓಡಿದರೆ ಒಬ್ಬರದು ಪಂಕ್ಚರ್, ಇನ್ನೊಬ್ಬರ ಕಾರಿನ ಕೀ ಮೈಸೂರಿಗೆ ಹೋಗಿದೆ. ಅಷ್ಟರಲ್ಲಿ ಈ ವ್ಯಾನು ಶಿಫ್ಟಿನ ಹೆಣ್ಣುಮಕ್ಕಳನ್ನು ತುಂಬಿಕೊಂಡು ಬರುತ್ತಿತ್ತು. ಅವನು ಆ ಹೆಣ್ಣುಮಕ್ಕಳನ್ನು ರಸ್ತೆಯಲ್ಲೇ ಇಳಿಸಿ, ಸೀಟು ಮಡಚಿ, ಯಜಮಾನರನ್ನು ಮಲಗಿಸಿಕೊಂಡು ಚಾಮರಾಜನಗರಕ್ಕೆ ಹೊಡೆದನಂತೆ. ಇಳಿದ ಹೆಣ್ಣುಮಕ್ಕಳು ಒಬ್ಬರೂ ಗೊಣಗದೆ ಫ್ಯಾಕ್ಟರಿಗೆ ನಡೆದುಕೊಂಡು ಹೋದರಂತೆ.

‘ಉಳೀನಿಲ್ಲ ಕಣಪ್ಪ. ಆದ್ರೂ ಒಂದ್ ವಾರ ಇದ್ರು. ಮಗಳು ಸತ್ಯಮಂಗಲದಿಂದ ಬಂದ್ಲು, ಮಾತಾಡ್ಸುದ್ಲು. ನನ್ ಕೈಲಿ ಎರಡ್ ತುತ್ತು ಗಂಜಿ ಕುಡುದ್ರು. ನೀ ಉಸಾರಾಗಿರು ಅಂದ್ರು. ಅಷ್ಟಕ್ಕ ಒಂದ್ ಮಾತು ಬರಸ್ಬಾರ್ದಾ?’

ಆದರೂ ಕಾನೂನು ಹೇಳಿದೆ. ಅಭ್ಯರ್ಥಿಯ ಪರವಾಗಿ ಬೇರೆಯವರು ಹಾಗೆಲ್ಲ ಜಾಹೀರಾತು ಹಾಕುವಂತಿಲ್ಲ. ಅವನು ಒಪ್ಪಿ ಬರೆದುಕೊಡಬೇಕು, ಆಗ ಫ್ಲೆಕ್ಸಿನ ಖರ್ಚು ಅವನ ಲೆಕ್ಕಕ್ಕೆ ಹೋಗುತ್ತದೆ. ಇಲ್ಲದಿದ್ದರೆ ತೆಗೆಯಬೇಕು.

‘ಜಾಯೀರಾತಾ?’ ಎಂದರು ಅಮ್ಮ. ‘ಸೋಪಿಗ ಮಾಡ್ತಾರಲ್ಲ, ಅದಾ?’

‘ಗೆಲ್ಲಲಿ ಅಂತ ಇದೆಯಲ್ಲಮ್ಮ.’

‘ಒಳ್ಳೇದು ಮಾಡ್ದೋನು ಗೆಲ್ಲದು ಬ್ಯಾಡ್ವಾ?’

ಎಂಟನೇ ಕ್ಲಾಸಿನ ಹುಡುಗರಾಗಿದ್ದರೆ ಸುಮ್ಮನೆ ಕೂತ್ಕೊಳ್ಳೋ ಎನ್ನಬಹುದಿತ್ತು. ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ: ‘ನಿಮ್ಮದು ಬಿಟ್ಟೆ ಅಂತ ಇಟ್ಕೊಳ್ಳಿ. ನಾಳೆ ಬೆಳಿಗ್ಗೆ ಆ ದೊಡ್ಡ ಪಕ್ಷದವರು ಊರೂರಲ್ಲಿ ಗೇಟಿಗೊಂದು ಇಂಥದ್ದೇ ಕಟ್ಟಿಸ್ತಾರೆ. ನಮ್ಮತ್ತೆನ ಉಳಿಸಿದ್ರು, ನಮ್ಮಜ್ಜಿಗೆ ಕಣ್ಣು ಕೊಟ್ರು ಅಂತ. ಎಲ್ಲಾ ಒಂದೇ ಪ್ರೆಸ್ಸಲ್ಲಿ ಅಚ್ಚಾಗಿರುತ್ತೆ. ಆಗ ನಿಮ್ಮ ಈ ಒಂದನ್ನ ಯಾರು ನೋಡ್ತಾರೆ? ಆ ವ್ಯಾನಿನವನ ಗತಿ ಏನು?’

ಅಮ್ಮ ಫ್ಲೆಕ್ಸನ್ನು ನೋಡಿದರು. ‘ಅದೂ ನಿಜವೇಯ. ಅವ್ರು ಬುಡರು,’ ಎಂದರು. ಆಮೇಲೆ, ‘ಅಂಗಾರ ಅವ್ನ ಕೈಲೇ ಬರುಸ್ಕೊಬನ್ನಿ. ಅಲ್ಲೀಗಂಟ ಮುಟ್ಬ್ಯಾಡಿ,’ ಎಂದರು. ನನಗೂ ಅದೇ ಬೇಕಾಗಿತ್ತು.

ಅವನು ಬದನಗುಪ್ಪೆಯಲ್ಲಿ ಒಂದು ಫ್ಯಾಕ್ಟರಿಯ ಗೇಟಿನ ಮುಂದೆ, ಶಿಫ್ಟು ಬಿಡುವುದನ್ನು ಕಾಯುತ್ತಾ ವ್ಯಾನಿನ ಗಾಜು ಒರೆಸುತ್ತಿದ್ದ. ಅಭ್ಯರ್ಥಿ ಎಂದು ಗುರುತಾಗಲು ಒಂದು ಶಾಲು ಕೂಡ ಇರಲಿಲ್ಲ. ಪ್ರಚಾರ ಯಾವಾಗ ಮಾಡುತ್ತೀಯಪ್ಪ ಎಂದು ಕೇಳಿದರೆ, ‘ಡ್ಯೂಟಿ ಮುಗುಸ್ಕಂಡು ಸಾ,’ ಎಂದ. ನಾನು ವಿಷಯ ಹೇಳಿದೆ. ಒಂದು ಸಹಿ ಹಾಕಿದರೆ ಸಾಕು, ನಿನ್ನ ಮಿತಿಯ ಹತ್ತಿರಕ್ಕೂ ನೀನು ಬಂದಿಲ್ಲ, ಆ ತಾಯಿಯ ಫ್ಲೆಕ್ಸು ಉಳಿಯುತ್ತದೆ ಎಂದೆ. ಹಾಗೆ ಹೇಳುವುದು ನನ್ನ ಡ್ಯೂಟಿಯಲ್ಲಿ ಇರಲಿಲ್ಲ. ಇರಲಿ.

ಅವನು ಬಟ್ಟೆಯನ್ನು ಹಿಂಡಿ ಹಿಂಡಿ ನೀರೇ ಇಲ್ಲದ ಹಾಗೆ ಮಾಡಿದ. ‘ಆಗಲ್ಲ ಸಾ,’ ಎಂದ.

‘ಯಾಕಪ್ಪ?’

‘ಸೈನ್ ಆಕ್ಬುಟ್ರ ನಾನೇ ಏಳಿ ಬರಸ್ದಂಗಾಯ್ತದ. ಓಟು ಬತ್ತದ ಅಂತ ನಾನು ಅವತ್ತು ಗಾಡಿ ತಿರುಗುಸ್ನಿಲ್ಲ. ಅವತ್ತು ನಿಲ್ಲೂ ಯೋಚ್ನೆನೂ ಇರ್ನಿಲ್ಲ. ಅದ್ನ ಲೆಕ್ಕಕ್ಕ ಬರ್ಸಬ್ಯಾಡಿ ಸಾ.’

‘ಹಾಗಾದರೆ ಅದನ್ನ ತೆಗೆಸಬೇಕಾಗುತ್ತೆ.’

‘ತಗುಸ್ಬುಡಿ. ಅವ್ವಂಗ ನಾನೇ ಏಳ್ದಿ ಅನ್ನಿ, ಬೇಜಾರ್ ಮಾಡ್ಕಬ್ಯಾಡ ಅಂತ.’

ನನಗೆ ಅವನ ಮೇಲೂ ರೇಗಿತು. ಎಂಥಾ ಮನುಷ್ಯ ನೀನು, ಚುನಾವಣೆಗೆ ನಿಂತು ಇಷ್ಟು ನಾಚಿಕೆ ಇಟ್ಟುಕೊಂಡರೆ ಹೇಗೆ ಎಂದು ಬಾಯಿಗೆ ಬಂತು. ಜೀಪು ಹತ್ತಿದ ಮೇಲೆ ವಿಡಿಯೋದವನು, ‘ಮೇಷ್ಟ್ರೆ, ಇವ್ನು ಗೆಲ್ಲಕಿಲ್ಲ ಬುಡಿ,’ ಎಂದ. ಅವನ ದನಿಯಲ್ಲಿ ಗೌರವವಿತ್ತು.

ವಾಪಸ್ಸು ಹೋದೆವು. ಗೆಲ್ಲಲಿ ಎಂಬ ಮಾತಿನ ಮೇಲಷ್ಟೇ ಕಾಗದ ಅಂಟಿಸಿದರೆ ಆಗುತ್ತದೆಯೇ ಎಂದು ಆಫೀಸಿಗೆ ಫೋನು ಮಾಡಿ ಕೇಳಿದೆ. ಆ ಕಡೆಯ ಅಧಿಕಾರಿ ಒಳ್ಳೆಯವರು, ನನ್ನಷ್ಟೇ ಸುಸ್ತಾಗಿದ್ದರು. ‘ಮುಖ ಇರುತ್ತಲ್ಲ ಮೇಷ್ಟ್ರೆ. ಮುಖ ಇದ್ದರೆ ಪ್ರಚಾರವೇ. ಏನು ಮಾಡೋದು, ನನಗೂ ಹೊಟ್ಟೆ ಉರಿಯುತ್ತೆ,’ ಎಂದರು.

ಅವನು ಹೇಳಿದ್ದನ್ನು ಅಮ್ಮನಿಗೆ ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ತಾವೇ ದಾರ ಬಿಚ್ಚಿದರು. ನಾವು ಕೈ ಹಾಕಲು ಹೋದರೆ ಬಿಡಲಿಲ್ಲ. ಯಜಮಾನರ ಮುಖ ಮುರಿಯದ ಹಾಗೆ ಸುರುಳಿ ಸುತ್ತಿ ಒಳಗಿಟ್ಟು ಬಂದರು.

‘ಬಾಯಲ್ಲಿ ಏಳುದ್ರ? ಅದಕ್ಕೂ ಲೆಕ್ಕ ಬರೀತಿರಾ?’ ಎಂದು ಕೇಳಿದರು.

‘ಇಲ್ಲಮ್ಮ. ನಿಮ್ಮ ಬಾಯಿ, ನಿಮ್ಮ ಮನೆ. ಬಂದವರಿಗೆಲ್ಲ ಹೇಳಿ. ಯಾರೂ ಕೇಳೋ ಹಾಗಿಲ್ಲ.’

‘ಇನ್ನು ಎಷ್ಟ್ ಜನಕ್ಕ ಏಳಾನ ಕಣಪ್ಪ. ಮಾತಾಡುದ್ರ ದಮ್ಮು ಬತ್ತದ. ಅದುಕ್ಕೇ ಬರಸ್ದಿ,’ ಎಂದರು.

ನಾನು ತಪ್ಪು ಮಾಡಿದೆ ಅಂತ ಈಗಲೂ ಅನ್ನಿಸುವುದಿಲ್ಲ. ಆ ಮಿತಿ ಇಲ್ಲದಿದ್ದರೆ ಅವನಂಥವರು ನಿಂತಿದ್ದಾರೆ ಎಂಬುದೇ ಯಾರಿಗೂ ತಿಳಿಯುವುದಿಲ್ಲ. ಆದರೆ ಸಂವಿಧಾನದ ಪಾಠದಲ್ಲಿ ವಾಕ್ ಸ್ವಾತಂತ್ರ್ಯ ಎಂದು ಬೋರ್ಡಿನ ಮೇಲೆ ಬರೆಯುವಾಗ ಈಗ ನನಗೆ ಆ ಅಮ್ಮನ ದಮ್ಮು ನೆನಪಾಗುತ್ತದೆ. ಆವತ್ತು ಗುಂಡ್ಲುಪೇಟೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಮುದ್ದೆ ಕಟ್ಟುವುದನ್ನು ನಿಲ್ಲಿಸಿ, ‘ಆ ನಡೆಯೋ ಮಗುಗೆ ಹೆಸರಿಟ್ಟವರ ಊಟ ನಿಲ್ಸುದ್ರಾ?’ ಎಂದು ಕೇಳಿದಳು. ನಿಲ್ಲಿಸಿರಲಿಲ್ಲ. ವಿಡಿಯೋ ಮಾಡಿಕೊಂಡು ಬಂದಿದ್ದೆವು, ಅಷ್ಟೇ. ಅವಳು ಮತ್ತೆ ಮುದ್ದೆ ಕಟ್ಟತೊಡಗಿದಳು.

ಚುನಾವಣೆ ಮುಗಿಯಿತು. ವ್ಯಾನಿನವನು ಸೋತ, ಠೇವಣಿಯೂ ಹೋಯಿತು. ಬೇಸಿಗೆ ರಜೆಯಲ್ಲಿ ಕುದೇರಿನ ನೆಂಟರ ಮನೆಗೆ ಲಗ್ನಪತ್ರಿಕೆ ಕೊಡಲು ಸ್ಕೂಟರಿನಲ್ಲಿ ಹೊರಟಿದ್ದೆ. ದಾರಿಯುದ್ದಕ್ಕೂ ಗೆದ್ದವರಿಗೆ ಅಭಿನಂದನೆಯ ಫ್ಲೆಕ್ಸುಗಳು. ಅವುಗಳಲ್ಲಿ ಎದುರು ಪಕ್ಷಕ್ಕೆ ದುಡಿದವರೇ ಹಲ್ಲು ಬಿಟ್ಟುಕೊಂಡು ನಿಂತಿದ್ದರು, ನೀತಿ ಸಂಹಿತೆ ಮುಗಿದಿತ್ತಲ್ಲ. ನನಗೇನೆನಿಸಿತೋ, ಬದನಗುಪ್ಪೆಯ ಹತ್ತಿರ ಸ್ಕೂಟರನ್ನು ಒಳಕ್ಕೆ ತಿರುಗಿಸಿದೆ.

ಅದೇ ಗೇಟು, ಅದೇ ಫ್ಲೆಕ್ಸು. ಸುರುಳಿ ಸುತ್ತಿದ್ದ ಗುರುತು ಅಂಚಿನಲ್ಲಿ ಉಳಿದಿತ್ತು. ಅಮ್ಮ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದರು. ನನ್ನ ಗುರುತು ಹಿಡಿದು ಎದ್ದು ನಿಂತರು.

‘ಈಗ ಕಟ್ಬೋದಲ್ವಾ ಮೇಷ್ಟ್ರೆ?’

‘ಕಟ್ಟಬಹುದಮ್ಮ. ಆದರೆ ಅವರು ಸೋತರಲ್ಲ.’

‘ಗೊತ್ತು ಕಣಪ್ಪ. ಸೋತ್ರ, ನಮ್ಮೆಜಮಾನ್ರ ಕರ್ಕಂಡೋದ್ದು ಸುಳ್ಳಾದ್ದಾ?’

ಅಮ್ಮ ಒಳಗಿನಿಂದ ಮಜ್ಜಿಗೆ ತಂದುಕೊಟ್ಟರು. ನಾನು ಕುಡಿಯುವುದನ್ನೇ ನೋಡುತ್ತಾ ನಿಂತು, ಆಮೇಲೆ ಸಂಕೋಚದಿಂದ ಹೇಳಿದರು:

‘ಅವತ್ತು ನೀವು ಮನ್ಸಲ್ಲೇ ಓದ್ಕಂಡ್ರಿ. ನಂಗ ಅಕ್ಸರ ಬರದಿಲ್ಲ. ಪ್ರೆಸ್ನವ್ನು ನಾ ಏಳ್ದಂಗೇ ಬರುದಿದ್ದನಾ, ಒಂದ್ಸಲ ಗಟ್ಟಿಯಾಗಿ ಓದ್ಬುಡಿ.’

ಲೋಟ ಜಗಲಿಯ ಮೇಲಿಟ್ಟು ಗೇಟಿನ ಹತ್ತಿರ ಹೋದೆ. ಬೀದಿಯಲ್ಲಿ ಶಿಫ್ಟು ಮುಗಿಸಿ ಬಂದ ಹೆಣ್ಣುಮಕ್ಕಳು ಊಟದ ಡಬ್ಬಿ ಹಿಡಿದು ನಡೆದು ಹೋಗುತ್ತಿದ್ದರು. ನನ್ನ ದನಿ ಕೇಳಿ ನಿಂತರು. ಕ್ಲಾಸಿನಲ್ಲಿ ಹಿಂದಿನ ಬೆಂಚಿಗೂ ಕೇಳಿಸುವ ನನ್ನ ದನಿಯಲ್ಲಿ ಮೊದಲಿನಿಂದ ಓದಿದೆ. ಯಜಮಾನರ ಹೆಸರು, ಗಾಡಿ, ಆಸ್ಪತ್ರೆ, ನಾಕು ಮಾತಿನ ಭಾಗ್ಯ. ಕೊನೆಯ ಸಾಲಿಗೆ ಬಂದಾಗ ಒಂದು ಕ್ಷಣ ತಡೆದೆ. ಅಮ್ಮ ಕಾಯುತ್ತಿದ್ದರು.

‘ಇವರು ಗೆಲ್ಲಲಿ,’ ಎಂದು ಓದಿದೆ.

‘ಹೂಂ, ಅದೇಯ ನಾ ಏಳಿದ್ದು,’ ಎಂದರು ಅಮ್ಮ.