ಸುಡುಗಾಡು ದಾರಿಯ ಠರಾವು

೨೦೦೩ರಲ್ಲಿ ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟು ಬೋರಗಾಂವದ ಮಗ್ಗದ ಶೆಡ್ಡಿಗೆ ಹೋದೆ. ಬೈಯಲು ಮನೆ ತನಕ ಬಂದವರು ನಮ್ಮ ಓಣಿಯ ಮಾಸ್ತರು. ಬನಿಯನ್ನಿನಲ್ಲೇ ಬಂದಿದ್ದರು. ಬಲ ಹೆಗಲ ಮೇಲಿನ ನಿಂಬೆಹಣ್ಣಿನಂಥ ಗಂಟು ಸಿಟ್ಟಿಗೆ ಅಲುಗುತ್ತಿತ್ತು. ಓಣಿಯಲ್ಲಿ ಯಾರೇ ಸತ್ತರೂ ಚಟ್ಟಕ್ಕೆ ಮೊದಲು ಹೆಗಲು ಕೊಡುವವರು ಅವರು. ಹೊತ್ತೂ ಹೊತ್ತೂ ಗಂಟು ಬಂತು ಅನ್ನುತ್ತಿದ್ದರು ಹೆಂಗಸರು.

"ದುಡಿ ಲೇ, ಬ್ಯಾಡ ಅನ್ನಂಗಿಲ್ಲ," ಅಂದರು. "ಆದರ ಓದೂದು ಬಿಟ್ಟಿ ಅಂದ್ರ, ನಿನ್ನ ಹಕ್ಕು ಎಷ್ಟಂತ ಮಂದಿ ಬಂದು ನಿನಗ ಹೇಳ್ತಾರ."

ಶಾಲೆ ಬಿಟ್ಟೆ, ಓದು ಬಿಡಲಿಲ್ಲ. ಪಾಳಿ ಮುಗಿಸಿ ಅವರ ಕಟ್ಟೆಗೆ ಹೋಗಿ ಪೇಪರ್ ಓದುತ್ತಿದ್ದೆ. ಸಂವಿಧಾನ ಬದಲಿಸಬೇಕು ಅಂತ ಯಾರೋ ಭಾಷಣ ಮಾಡಿದ ಸುದ್ದಿ ಇದ್ದರೆ ಮಾಸ್ತರು ಎರಡು ಸಲ ಓದಿಸಿ ಹಲ್ಲು ಕಡಿಯುತ್ತಿದ್ದರು.

"ತಿದ್ದಬಾರದು ಅಂತಲ್ಲೋ. ಹಾದಿ ಕೆಟ್ಟರ ಮುರುಮ ಹಾಕಬೇಕು. ಹಾದಿಗೇ ನೇಗಿಲ ಹೊಡೀಬಾರದು."

ಹಾದಿಯ ಮಾತು ಅವರಿಗೆ ಸುಮ್ಮನೆ ಬರುತ್ತಿರಲಿಲ್ಲ. ನಮ್ಮದು ಬೌದ್ಧರ ಓಣಿ. ಸುಡುಗಾಡಿಗೆ ಹೋಗುವ ದಾರಿ ಒಬ್ಬ ದೊಡ್ಡ ರೈತರ ಹೊಲದ ಬದುವಿನ ಮೇಲೆ. ಅಜ್ಜಂದಿರ ಕಾಲದಿಂದ ಯಾರೂ ತಡೆದಿರಲಿಲ್ಲ, ಎಲ್ಲೂ ಬರೆದಿರಲಿಲ್ಲ. ಪಂಚಾಯಿತಿಯಲ್ಲಿ ಠರಾವು ಮಾಡಿ ಬರೆದಿಡಿ ಎಂದು ಮಾಸ್ತರು ಹಟ ಹಿಡಿದರು.

ಆ ರೈತರ ಮಗ, ಕಾಲೇಜು ಕಲಿತವನು, ಚಾದಂಗಡಿಯಲ್ಲಿ ನಕ್ಕ. "ಏನ್ರಿ ಮಾಸ್ತರ, ಇಂಗ್ಲೆಂಡಿನಾಗ ಸಂವಿಧಾನದ ಪುಸ್ತಕನ ಇಲ್ಲ. ರೂಢಿ ಮ್ಯಾಲೆ ದೇಶ ನಡಸ್ತಾರ. ನಿಮಗೊಂದು ಕಾಲ್ದಾರಿಗೆ ಠರಾವು ಬೇಕೇನ್ರಿ?"

ಮಾಸ್ತರು ಚಹಾ ಕೆಳಗಿಟ್ಟರು. "ಅಲ್ಲೂ ಬರದದ್ದು ಐತಿ ತಮ್ಮಾ, ಒಂದ ಪುಸ್ತಕದಾಗ ಇಲ್ಲ ಅಷ್ಟ. ಇನ್ನ ರೂಢಿ ಅಂದಿ. ಇದ ಅಂಗಡ್ಯಾಗ ನಮ್ಮಪ್ಪಗ ಬ್ಯಾರೆ ಕಪ್ಪು ಇಡೂದೂ ರೂಢಿನ ಇತ್ತು. ಅದನ್ನ ಯಾರೂ ಬರದಿರಲಿಲ್ಲ. ಅದಕ್ಕ ಎಲ್ಲಿ ಅಳಸಬೇಕಂತ ತಿಳೀವಲ್ದಾಗಿತ್ತು."

ಹುಡುಗನ ಅಪ್ಪ ಮಾತ್ರ ಒಳ್ಳೆಯ ಮನುಷ್ಯ. "ಬರಕೋರ್ರಿ ಮಾಸ್ತರ, ನನ್ನ ತಕರಾರಿಲ್ಲ" ಅಂದರು. ಠರಾವಾಯಿತು. ಮಾಸ್ತರು ಓಣಿಗೆಲ್ಲ ಬೆಲ್ಲ ಹಂಚಿದರು.

ಮುಂದೆ ಆ ರೈತರು ತೀರಿಕೊಂಡರು. ಪಂಚಾಯಿತಿ ಚುನಾವಣೆ ಬಂತು, ಮಗ ಮೆಂಬರ್ ಆದ. ಮುಂದಿನ ಸಭೆಯಲ್ಲೇ 'ಖಾಸಗಿ ಹೊಲದಲ್ಲಿ ದಾರಿ ಇಲ್ಲ' ಎಂದು ಹಳೆಯ ಠರಾವು ರದ್ದು. ಅರ್ಧಕ್ಕಿಂತ ಎರಡೇ ಕೈ ಹೆಚ್ಚು ಎದ್ದಿದ್ದವು. ಮೊದಲು ಎದ್ದ ಕೈ ಅವನದು. ನಾಚಿಕೆಗೆಟ್ಟವನು! ರೂಢಿ ಸಾಕು ಅಂದವನೇ ರೂಢಿಯನ್ನೂ ನುಂಗಿದ, ಬರೆದದ್ದನ್ನೂ ನುಂಗಿದ.

ನಾನು ಕುದಿಯುತ್ತ ಕಟ್ಟೆಗೆ ಹೋದೆ. "ಬರದ್ರೇನಾತ್ರಿ ಮಾಸ್ತರ?"

"ಬರದದ್ದು ತಪ್ಪಲ್ಲಲೇ," ಅಂದರು. "ಕಟ್ಟೂದಕ್ಕೂ ಕೆಡವೂದಕ್ಕೂ ಅಷ್ಟ ಕೈ ಸಾಕಂತ ಬಿಟ್ಟದ್ದು ತಪ್ಪು. ದೇಶದ್ದು ಬರದವ್ರು ಶಾಣ್ಯಾರು. ತಿದ್ದಾಕ ಬಾಗಿಲಾ ಇಟ್ರು, ಆದರ ಒಬ್ರ ನೂಕಿದ್ರ ತೆರಿಯದಂಥ ಬಾಗಿಲಾ."

ಮೆಂಬರ್ ಬದುವನ್ನು ಕಡಿದು ಕಬ್ಬು ಹಚ್ಚಿಸಿದ. ಮಾಸ್ತರು ತಾಲೂಕು ಕಚೇರಿಗೆ ತಿರುಗಿದರು, ಚಪ್ಪಲಿ ಸವೆಸಿದರು. ಕಬ್ಬು ಎರಡನೇ ಸಲ ಎದೆಯುದ್ದ ಬೆಳೆದಾಗ ಅವರೇ ಹೋದರು.

ಚಟ್ಟಕ್ಕೆ ಮೊದಲ ಹೆಗಲು ನಾನು ಕೊಟ್ಟೆ. ಹೊಲದ ಅಂಚಿಗೆ ಬಂದಾಗ ಮೆಂಬರ್ ಗಾಡಿ ನಿಲ್ಲಿಸಿಕೊಂಡು ನಿಂತಿದ್ದ. "ತಪ್ಪ ತಿಳ್ಕೋಬ್ಯಾಡ್ರಪ್ಪಾ. ಬಹುಮತದ ನಿರ್ಣಯ. ಡಾಂಬರ ರಸ್ತೆ ಹಿಡದು ಹೋಗ್ರಿ."

ಹೆಗಲ ಮೇಲೆ ಮಾಸ್ತರು ಇದ್ದರು. ಅದಕ್ಕೆ ಅವನು ಉಳಿದ.

ಕಟ್ಟಿಗೆ ತುಂಬಿದ ಲಾರಿಗಳ ನಡುವೆ, ಊರು ಸುತ್ತಿ, ಹಾರ್ನ್ ಹೊಡೆಸಿಕೊಳ್ಳುತ್ತ ಒಯ್ದೆವು. ಎಲ್ಲರ ಚಟ್ಟವನ್ನೂ ನೆಟ್ಟಗೆ ಒಯ್ದ ಮನುಷ್ಯನನ್ನು ಸುತ್ತುದಾರಿಯಲ್ಲಿ ಒಯ್ದೆವು. ಆ ಸಿಟ್ಟು ಇವತ್ತಿಗೂ ಆರಿಲ್ಲ, ಆರಿಸುವ ಮನಸ್ಸೂ ನನಗಿಲ್ಲ.

ಯಾರ ಮುಂದೂ ಕೈಚಾಚದೆ ದುಡಿದಿದ್ದೇನೆ. ಈಗ ನನಗಿರುವುದು ಇಷ್ಟು: ಸ್ವಂತದ ನಾಲ್ಕು ಮಗ್ಗ, ಎರಡು ಕೋಣೆಯ ಮನೆ, ಒಂದು ಹಳೆಯ ಮೋಟರ್‌ಸೈಕಲ್, ಆ ದಾರಿಯ ಸಲುವಾಗಿ ಚಿಕ್ಕೋಡಿ ಕೋರ್ಟಿನಲ್ಲಿ ಒಂದು ಕೇಸು.