ಮೊಣಕೈಗೆ ಹರಳೆಣ್ಣೆ

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಆ ಹುಡುಗನನ್ನು ನಮ್ಮ ಮಿಲ್ಪಿಟಾಸ್ ಮನೆಗೆ ಕರೆತಂದವನು ಒಬ್ಬ ಸ್ಕೌಟು. ದೇಶದೇಶ ಅಲೆದು ಬೇಸ್‌ಬಾಲ್ ಆಡುವ ಹುಡುಗರನ್ನು ಹುಡುಕಿ ತರುವುದೇ ಅವನ ಕಸುಬು. ದೊಡ್ಡ ಲೀಗಿಗೆ ಹುಡುಗರನ್ನು ತಯಾರು ಮಾಡುವ ತಂಡವೊಂದು ಪಕ್ಕದ ಊರಲ್ಲಿತ್ತು. ಸೀಸನ್ ಮುಗಿಯುವ ತನಕ ಅವರನ್ನು ಇಟ್ಟುಕೊಳ್ಳುವ ಮನೆಗಳು ಬೇಕಿದ್ದವು. ಕ್ರಿಕೆಟ್ ಹುಚ್ಚಿನ ನನ್ನ ಗಂಡ, ಇದೂ ಅದರ ದಾಯಾದಿ ತಾನೇ ಎಂದುಕೊಂಡು, ನನ್ನನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡು ಬಂದರು. ಒಪ್ಪುವುದು ಅವರು, ಬೇಯಿಸಿ ಹಾಕುವುದು ನಾನು.

ಹುಡುಗ ಡೊಮಿನಿಕನ್ ದೇಶದವನು, ಕಬ್ಬು ಕಡಿಯುವವರ ಮಗ. ಹದಿನೆಂಟು ತುಂಬಿತ್ತೋ ಇಲ್ಲವೋ. ಅವನು ಬಲಗೈ ಬೀಸಿ ಎಸೆದ ಚೆಂಡು ನನ್ನ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಸ್ಕೌಟು ಮೊದಲ ದಿನವೇ ನಮ್ಮ ಸೋಫಾದ ಮೇಲೆ ಕಾಲು ಚಾಚಿ ಕೂತು, ಇಂಥವರನ್ನು ರಾಶಿ ರಾಶಿ ತರುತ್ತೇವೆ, ಅದರಲ್ಲಿ ಒಬ್ಬ ಮೇಲೆ ಹೋದರೆ ಹೆಚ್ಚು, ಕೈ ಕೆಟ್ಟವರನ್ನು ವಾಪಸು ಕಳಿಸುತ್ತೇವೆ ಎಂದ. ಸಂತೆಯಲ್ಲಿ ಮಾವಿನಹಣ್ಣು ಆರಿಸುವವನ ಧಾಟಿ! ಹುಡುಗ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದ. ಅವನಿಗೆ ಇಂಗ್ಲಿಷು ಅಷ್ಟಕ್ಕಷ್ಟೆ, ಆದರೆ ವಾಪಸು ಕಳಿಸುವ ಆ ಮಾತು ಮಾತ್ರ ಚೆನ್ನಾಗಿ ಗೊತ್ತಿತ್ತು.

ಧಾರವಾಡದಿಂದ ಬಂದು ನಮ್ಮ ಜೊತೆಗಿದ್ದ ಅತ್ತೆಯನ್ನು ಅವನು ಹಚ್ಚಿಕೊಂಡುಬಿಟ್ಟ. ಇವರ ಮಾತು ಅವನಿಗೆ ತಿಳಿಯದು, ಅವನ ಮಾತು ಇವರಿಗೆ ತಿಳಿಯದು. ಆದರೂ ಇಬ್ಬರೂ ದಿನವಿಡೀ ಹರಟುತ್ತಿದ್ದರು. ಅನ್ನ ಕಲಸಿಕೊಂಡು ಕೈಯಲ್ಲಿ ಊಟ ಮಾಡುವುದನ್ನು ಅತ್ತೆ ಅವನಿಗೆ ಕಲಿಸಿದರು. ಕೊಟ್ಟದ್ದಕ್ಕೆ ಅಪ್ಪಿತಪ್ಪಿ ಎಡಗೈ ಒಡ್ಡಿದರೆ ಮೆಲ್ಲಗೆ ಒಂದೇಟು ಕೊಟ್ಟು, “ಬಲಗೈ, ತಮ್ಮಾ, ಬಲಗೈ” ಎನ್ನುತ್ತಿದ್ದರು. ಅವನು ನಕ್ಕು ಕೈ ಬದಲಾಯಿಸುತ್ತಿದ್ದ.

ಅತ್ತೆ ತಮ್ಮ ಮಂಡಿಗೆ ದಿನಾ ಹರಳೆಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳುವವರು. ಹಾಗಾಗಿ ಮನೆಯೆಲ್ಲ ಎಣ್ಣೆ ವಾಸನೆ ಹೊಡೆದರೂ ನನಗೆ ಅನುಮಾನ ಬರಲಿಲ್ಲ. ಅವರು ಅವನ ಮೊಣಕೈಯನ್ನೂ ನೀವುತ್ತಿದ್ದರೆಂಬುದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಬಾಣಂತಿಯರನ್ನು, ಕೂಸುಗಳನ್ನು ನೀವಿ ಪಳಗಿದ ಕೈ ಅದು. ಹುಡುಗನ ನೋವು ಆ ಹೊತ್ತಿಗೆ ಇಳಿಯುತ್ತಿತ್ತು. ಅವನು ಹೋಗಿ ಮತ್ತೆ ಚೆಂಡು ಎಸೆಯುತ್ತಿದ್ದ.

ಒಂದು ಶನಿವಾರ ನಾವೆಲ್ಲ ಆಟ ನೋಡಲು ಹೋದೆವು. ಅವನು ಒಂದು ಚೆಂಡು ಎಸೆದವನೇ ಕೈ ಹಿಡಿದುಕೊಂಡು ಮೊಣಕಾಲೂರಿ ಕೂತ. ಕೂಗಲಿಲ್ಲ. ತಂಡದವರು ಅವನನ್ನು ಒಳಗೆ ಕರೆದುಕೊಂಡು ಹೋದರು, ಆ ಜಾಗಕ್ಕೆ ಇನ್ನೊಬ್ಬ ಬಂದ, ಆಟ ಮುಂದುವರಿಯಿತು. ಅತ್ತೆ ನನ್ನ ಸೀರೆಯ ಸೆರಗು ಹಿಡಿದೆಳೆದರು. ಆಗ ಬಾಯಿಬಿಟ್ಟರು.

“ನಾ ದಿನಾ ಎಣ್ಣಿ ಹಚ್ಚತಿದ್ದೆ. ನೋವು ಅದ ಅಂತ ಗೊತ್ತಾದ್ರ ವಿಮಾನದಾಗ ಕೂಡಿಸಿ ಕಳಸ್ತಾರ ಅಂತ ಕೈಸನ್ನಿ ಮಾಡಿ ತೋರಿಸಿದ್ದಾ. ಯಾರಿಗೂ ಹೇಳಬ್ಯಾಡ ಅಂತ ನನ್ನ ಕಾಲು ಹಿಡಿದಿದ್ದಾ.”

ಎರಡು ದಿನ ಬಿಟ್ಟು ಸ್ಕೌಟು ಬಂದ. ಮೊಣಕೈ ಒಳಗೆ ಹರಿದಿದೆಯಂತೆ. ಇಂಥ ಹೊಸಬರಿಗೆಲ್ಲ ಆಪರೇಷನ್ ಮಾಡಿಸುವುದಿಲ್ಲವಂತೆ. ನೋವು ಶುರುವಾದಾಗಲೇ ಹೇಳಿ ವಿಶ್ರಾಂತಿ ತೆಗೆದುಕೊಂಡಿದ್ದರೆ ಕೈ ಉಳಿಯುತ್ತಿತ್ತಂತೆ. ಹೇಳಿದ್ದರೆ ಇವನೇ ಅಂದೇ ಸಾಗಹಾಕುತ್ತಿದ್ದನಲ್ಲ! ನನಗೆ ಮೈ ಉರಿದುಹೋಯಿತು. ನಾನು ಮಾಡಿಕೊಟ್ಟ ಟೀಯನ್ನೇ ಕುಡಿಯುತ್ತ, ಮುಂದಿನ ವಾರ ಇನ್ನೊಬ್ಬ ಹುಡುಗ ಬರುತ್ತಾನೆ, ಆ ರೂಮು ಖಾಲಿಯಾಗುತ್ತಲ್ಲ ಎಂದು ಕೇಳಿದ. ನಮ್ಮ ಮನೆಯಲ್ಲಿ ರೂಮಿಲ್ಲ ಎಂದೆ. ನನ್ನ ಗಂಡ ಏನೋ ಹೇಳಹೊರಟವರು ನನ್ನ ಮುಖ ನೋಡಿ ಟೀ ಕಪ್ಪುಗಳನ್ನು ಎತ್ತತೊಡಗಿದರು.

“ಏನಂದಾ ಅಂವಾ?” ಎಂದು ಅತ್ತೆ ಕೇಳಿದರು. ಊರಿಗೆ ಕರೆದುಕೊಂಡು ಹೋಗ್ತಾರಂತೆ ಎಂದಷ್ಟೇ ಹೇಳಿದೆ.

ಪ್ರಯಾಣ ಹೊರಟವರನ್ನು ಅತ್ತೆ ಬರಿಗೈಲಿ ಕಳಿಸಿದವರಲ್ಲ. ಹುಡುಗ ಹೊರಟ ದಿನ ಸಕ್ಕರೆ ಬೆರೆಸಿದ ಮೊಸರಿನ ಬಟ್ಟಲು ಹಿಡಿದು ಬಾಗಿಲಿಗೆ ಬಂದರು. ಹುಡುಗನ ಬಲಗೈ ಕುತ್ತಿಗೆಗೆ ಕಟ್ಟಿದ ಜೋಳಿಗೆಯಲ್ಲಿತ್ತು. ಅವನು ಅದನ್ನು ಎತ್ತಲು ನೋಡಿದ, ಆಗಲಿಲ್ಲ. ಅತ್ತೆಯ ಮುಖವನ್ನೇ ನೋಡುತ್ತ ಎಡಗೈ ಚಾಚಿದ. ಅವರು ಆ ಎಡಗೈಗೇ ಮೊಸರು ಹಾಕಿದರು.