ಚಹಾ ಕುಡಿಯಲು ಬಿಟ್ಟ ಜಾಗ

ಕಾಕಾ ಅವರ ಬಲಗೈ ಬೆರಳುಗಳು ಯಾವಾಗಲೂ ಸುಣ್ಣ ಹತ್ತಿ ಬೆಳ್ಳಗಿರುತ್ತಿದ್ದವು. ಪ್ಲಾಟಿನ ಗೆರೆಯನ್ನು ಆಳುಗಳಿಂದ ಹಾಕಿಸುತ್ತಿರಲಿಲ್ಲ, ತಾವೇ ಬಗ್ಗಿ ಹಾಕುತ್ತಿದ್ದರು. ನಾವೆಲ್ಲ ಕಾಕಾ ಎಂದೇ ಕರೆಯುತ್ತಿದ್ದ ಅವರು ಕಮಲಾಪುರದಿಂದ ಕಲಬುರಗಿಗೆ ಬಂದು ಪ್ಲಾಟ್ ವ್ಯವಹಾರದಲ್ಲಿ ಹೆಸರು ಮಾಡಿದವರು. ತೊಂಬತ್ತರ ದಶಕದಲ್ಲಿ ಕೋಟನೂರ ಕಡೆಯ ಜಮೀನನ್ನು ಎಲ್ಲರಂತೆ ಮನೆಗಳಿಗೆ ಮಾರದೆ, ಹೊಸದೇನಾದರೂ ಮಾಡಿ ನೋಡುವವರಿಗೆಂದೇ ಸಾಲು ಶೆಡ್ಡು ಕಟ್ಟಿಸಿದರು. ಲೇತ್‌ನವರು, ಮೋಟಾರಿಗೆ ತಂತಿ ಸುತ್ತುವವರು, ಕಂಪ್ಯೂಟರ್ ಕಲಿಸುವವರು, ಎಲ್ಲರ ಬಾಗಿಲೂ ನಡುವೆ ಖಾಲಿ ಬಿಟ್ಟ ಜಾಗದ ಬೇವಿನ ಮರದ ಕಡೆಗೇ. "ಖುಲ್ಲಾ ಬಿಟ್ಟ ಜಾಗಾದಾಗ ಇನ್ನೂ ಆರು ಶೆಡ್ಡು ಕೂಡ್ತಾವ" ಎಂದು ಮಂದಿ ನಕ್ಕರು. ಕಾಕಾ ಮಹಾಗಾಂವದ ಒಬ್ಬ ಮುದುಕಿಯಿಂದ ಅಲ್ಲಿ ಚಹಾದಂಗಡಿ ಇಡಿಸಿದರು; ನಮಗೆಲ್ಲ ಅವಳು ಆಯಿ. ಮೇಲೊಂದು ಕಾಯಿದೆ: ಚಹಾ ಯಾರ ಶೆಡ್ಡಿಗೂ ಹೋಗುವಂತಿಲ್ಲ, ಮರದಡಿಗೆ ಬಂದೇ ಕುಡಿಯಬೇಕು.

ನಾನು ಡಿಪ್ಲೊಮಾ ಮುಗಿಸಿ, ಹಳ್ಳಿಯ ಹೆಂಗಸರು ಮನೆಯಲ್ಲೇ ತೊಗರಿ ಒಡೆಯುವಂಥ ಸಣ್ಣ ಯಂತ್ರ ಮಾಡುವ ಹಟ ಹಿಡಿದಿದ್ದೆ. ಹೆಣ್ಣಿಗೆ ಶೆಡ್ಡು ಕೊಟ್ಟವರು ಕಾಕಾ ಒಬ್ಬರೇ. ಅಪ್ಪ ಕೊಟ್ಟಿದ್ದು ಒಂದು ವರ್ಷದ ವಾಯಿದೆ. ಯಂತ್ರ ಸರಿಹೋಗದಿದ್ದರೆ ಬ್ಯಾಂಕ್ ಪರೀಕ್ಷೆಗೆ ಕೂರಬೇಕು. ವರ್ಷ ಮುಗಿಯುತ್ತ ಬಂದರೂ ಬೇಳೆಯ ಬದಲು ನುಚ್ಚೇ ಬೀಳುತ್ತಿತ್ತು. ನಾಚಿಕೆಯಿಂದ ಶಟರ್ ಎಳೆದುಕೊಂಡು ಒಬ್ಬಳೇ ಕೂತೆ. ಚಹಾಕ್ಕೂ ಹೋಗಲಿಲ್ಲ.

ನಾಲ್ಕನೆಯ ದಿನ ಕಾಕಾ ಬಂದು ಶಟರ್ ಎತ್ತಿದರು. "ತಂಗಿ, ಚಹಾ ಕುಡಿಯಾಕ ಬರ್ತೀಯೋ, ಶೆಡ್ಡು ಖಾಲಿ ಮಾಡ್ತೀಯೋ?"

ಸಿಟ್ಟು ನೆತ್ತಿಗೇರಿತು. ನುಚ್ಚಿನ ಬುಟ್ಟಿಯನ್ನೇ ತಂದು ಮರದಡಿ ಕುಕ್ಕಿದೆ. ಆಯಿ ಒಂದು ಹಿಡಿ ತೆಗೆದು ನೋಡಿದಳು. "ತೊಗರಿಗೆ ಎಣ್ಣಿ ಹಚ್ಚಿ ಬಿಸಲಿಗೆ ಹಾಕಿದ್ದೇನವ್ವ?"

ಹಾಕಿರಲಿಲ್ಲ. ಬೇಳೆ ಅಂಗಡಿಯಿಂದ ಬರುವ ಮನೆಯಲ್ಲಿ ಬೆಳೆದವಳು ನಾನು; ಓದಿದ್ದೆಲ್ಲ ಕಬ್ಬಿಣದ ವಿಷಯ.

"ಮತ್ತ ಮಶಿನ್‌ಗೆ ಬೈದ್ರ ಅದೇನ್ ಮಾಡ್ತದ?" ಎಂದಳು ಆಯಿ. ಲೇತ್‌ನವರೂ ಬಗ್ಗಿ ನೋಡಿದರು. "ಮಶಿನ್ ಓಟಾನೂ ಜೋರಾಗ್ಯದರೀ. ದೊಡ್ಡ ಗಾಲಿ ಕಡದು ಕೊಡ್ತೀನಿ, ನಿಧಾನ ತಿರಗ್ತದ."

ಎರಡು ವಾರದ ಮೇಲೆ ಮಹಾಗಾಂವದ ಹೆಂಗಸರ ಎದುರು ಯಂತ್ರ ಓಡಿಸಿದೆ. ಬೇಳೆ ಮುರಿಯದೆ, ಬಂಗಾರದಂತೆ ಸುರಿಯಿತು. ನನಗೆ ಕುಣಿಯುವಷ್ಟು ಖುಷಿ. ಹಿಂದೆ ನಿಂತಿದ್ದ ಅಪ್ಪ ಒಂದು ಹಿಡಿ ಬೇಳೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಬ್ಯಾಂಕಿನ ಮಾತು ಮತ್ತೆ ಬರಲಿಲ್ಲ. ಕಾಕಾ ಅವರ ಕಾಲಿಗೆ ಬಿದ್ದರೆ, "ನಂದೇನದ ತಂಗಿ, ನಾ ಬರೇ ಜಾಗಾ ಬಿಟ್ಟೀನಿ" ಎಂದರು.

ಅವರು ತೀರಿಕೊಂಡಾಗ ಶೆಡ್ಡುಗಳು ಒಂದು ಓಣಿಯಷ್ಟಾಗಿದ್ದವು, ನನ್ನ ಯಂತ್ರ ಊರೂರಲ್ಲಿ ಓಡುತ್ತಿತ್ತು. ಮರದ ಜಾಗ ಇನ್ನು ಮಾರಾಟವಾಗುತ್ತದೆ ಎಂದು ನಾವೆಲ್ಲ ಅಂಜಿದ್ದೆವು. ಅವರ ಮಗ ಕಾಗದ ತಂದು ಮರದಡಿಯೇ ಓದಿದ. ಆ ಜಾಗವನ್ನು ಕಾಕಾ ಎಂದೋ ನಮ್ಮೆಲ್ಲರ ಹೆಸರಿಗೆ ಬರೆದಿಟ್ಟಿದ್ದರು. ಜಾಗ ಏತಕ್ಕೆ ಎಂಬ ಕಡೆ ಬರೆದದ್ದು ಇಷ್ಟೇ: "ಚಹಾ ಕುಡಿಯಲಿಕ್ಕೆ."

ಅಂದು ಯಾರೂ ಶೆಡ್ಡಿಗೆ ಹೋಗಲಿಲ್ಲ. ಅಲ್ಲೇ ಕೂತು, ಅಳುತ್ತ, ಎರಡೆರಡು ಸಲ ಕುಡಿದೆವು.